ಬೆಕ್ಕಿನ ಲಿಟರ್: ನಾತವೂ ಬರಬಾರದು, ಮನೆ ತುಂಬ ಹರಡಲೂಬಾರದು. ಯಾವುದನ್ನು ಆರಿಸಲಿ?

ಪ್ರಶ್ನೆ: ಡಾಕ್ಟರೇ, ನಮ್ಮಲ್ಲಿ ಎರಡು ಬೆಕ್ಕುಗಳಿವೆ, ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಅವು ಮಲಮೂತ್ರ ಮಾಡಲು ಇರುವುದು ಲಿಟರ್ (ಹೀರಿಕೊಳ್ಳುವ ಮರಳಿನಂಥ ಕಾಳು) ತುಂಬಿದ, ಮುಚ್ಚಳದ ಒಂದೇ ಲಿಟರ್ ಬಾಕ್ಸ್. ಪರಿಮಳ ಬೆರೆಸಿದ, ತೀರಾ ನುಣ್ಣಗಿನ ಬೆಂಟೊನೈಟ್ (ಒದ್ದೆಯಾದರೆ ಉಬ್ಬುವ ಜೇಡಿಮಣ್ಣು) ಲಿಟರ್ ಹಾಕುತ್ತೇವೆ, ಎರಡು ದಿನಕ್ಕೊಮ್ಮೆ ಉಂಡೆ ತೆಗೆಯುತ್ತೇವೆ. ಆದರೂ ವಾರದೊಳಗೆ ಘಾಟು ಮೂಗಿಗೆ ಬಡಿಯುತ್ತದೆ. ಮರಳಂತೂ ಹಾಸಿಗೆಯವರೆಗೂ ಬರುತ್ತದೆ. ನಾತ ತಡೆಯುವ, ಕಾಲಿಗೂ ಅಂಟದ ಲಿಟರ್ ಯಾವುದು ಹೇಳಿ.

ಪಶುವೈದ್ಯರ ಉತ್ತರ: ಈ ಎರಡು ಗುಣಗಳೂ ಒಂದೇ ಲಿಟರ್‌ನಲ್ಲಿ ಪೂರ್ತಿಯಾಗಿ ಸಿಗುವುದು ಕಷ್ಟ. ಕಾಳು ನುಣ್ಣಗಾದಷ್ಟೂ ಮೂತ್ರದ ಸುತ್ತ ಬೇಗ, ಬಿಗಿಯಾಗಿ ಉಂಡೆ ಕಟ್ಟುತ್ತದೆ. ಹೆಚ್ಚಿನ ಬೆಕ್ಕುಗಳಿಗೆ ಪಾದದಡಿ ಹಿತವಾಗಿರುವುದೂ ಅದೇ. ಆದರೆ ಅದೇ ನುಣ್ಣನೆಯ ಕಾಳು ಬೆರಳ ಸಂದಿಯಲ್ಲಿ ಕೂತು ಹೊರಗೆ ಬರುತ್ತದೆ. ಹಾಗಾಗಿ ನಾತಕ್ಕೆ ಲಿಟರ್ ಆರಿಸಿ, ಹರಡುವುದನ್ನು ಬಾಕ್ಸ್ ಮತ್ತು ಚಾಪೆಯಿಂದ ತಡೆಯಿರಿ. ಹರಡಬಾರದು ಎಂಬ ಒಂದೇ ಕಾರಣಕ್ಕೆ ಬೆಕ್ಕಿಗೆ ಒಗ್ಗದ ದಪ್ಪ ಕಾಳು ಹಾಕಿದರೆ ಅದು ಬಾಕ್ಸನ್ನೇ ಬಿಟ್ಟು ಮೂಲೆ ಹುಡುಕಬಹುದು. ಆ ನಾತವನ್ನು ಯಾವ ಲಿಟರ್ ಕೂಡ ತಡೆಯದು.

ಘಾಟು ಎಲ್ಲಿಂದ ಬರುತ್ತದೆ ನೋಡಿ. ಬೆಕ್ಕಿನ ಮೂತ್ರ ಬಹಳ ಗಾಢ, ಅದರಲ್ಲಿ ಯೂರಿಯಾ ಹೆಚ್ಚು. ಬಾಕ್ಸಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅವಕ್ಕೆ ಬೇಕಾದದ್ದು ತೇವ ಮತ್ತು ಸಮಯ. ಒಳ್ಳೆಯ ಲಿಟರ್ ತೇವವನ್ನು ಕಸಿದುಕೊಳ್ಳುತ್ತದೆ, ಸಮಯ ಕೊಡದಿರುವುದು ನಿಮ್ಮ ಸ್ಕೂಪಿನ (ಉಂಡೆ ತೆಗೆಯುವ ಜರಡಿ ಸೌಟಿನ) ಕೆಲಸ. ಎರಡು ಬೆಕ್ಕಿಗೆ ಒಂದೇ ಬಾಕ್ಸ್ ಇಟ್ಟು ಎರಡು ದಿನ ಬಿಟ್ಟರೆ ಎಂಥ ದುಬಾರಿ ಲಿಟರ್ ಹಾಕಿದರೂ ಸೋಲುತ್ತದೆ. ಪರಿಮಳ ಅಮೋನಿಯಾವನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ ಅಷ್ಟೆ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಚುರುಕು. ಮುಚ್ಚಳದೊಳಗೆ ಘಾಟೂ ಸುಗಂಧವೂ ಸೇರಿ ಅದಕ್ಕೆ ಉಸಿರು ಕಟ್ಟುತ್ತದೆ.

ನಿಮ್ಮ ಮನೆಗೆ ನನ್ನ ಸಲಹೆ: ಪರಿಮಳವಿಲ್ಲದ, ಉಂಡೆ ಕಟ್ಟುವ ಸೋಡಿಯಂ ಬೆಂಟೊನೈಟ್, 1ರಿಂದ 2 ಮಿ.ಮೀ. ಕಾಳು, ಪುಡಿ ಕಡಿಮೆ ಇರುವಂಥದ್ದು. ಆಳ 6–7 ಸೆಂ.ಮೀ. ಇರಲಿ. ಇದಕ್ಕಿಂತ ತೆಳುವಾದರೆ ಮೂತ್ರ ತಳಕ್ಕಿಳಿದು ಗಟ್ಟಿ ಪದರವಾಗಿ ಅಂಟುತ್ತದೆ, ಅದನ್ನು ಕೆರೆಯುವಾಗ ಉಂಡೆ ಪುಡಿಯಾಗುತ್ತದೆ. ಆ ಪುಡಿ ಸ್ಕೂಪಿನ ಸಂದಿಯಿಂದ ಕೆಳಗೆ ಬಿದ್ದು ಒಳ್ಳೆಯ ಲಿಟರ್ ಜೊತೆ ಬೆರೆಯುತ್ತದೆ. ದಿನಾ ತೆಗೆದರೂ ನಾತ ಹೋಗದ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಪುಡಿಯನ್ನೇ. ಬೆಕ್ಕು ಬಾಕ್ಸಿನಿಂದ ಎದ್ದ ತಕ್ಷಣ ಕೈ ಹಾಕಬೇಡಿ, 15 ನಿಮಿಷವಾದರೂ ಬಿಟ್ಟರೆ ಉಂಡೆ ಗಟ್ಟಿಯಾಗುತ್ತದೆ. ದಿನಕ್ಕೆ ಎರಡು ಸಲ ತೆಗೆಯಿರಿ, ತೆಗೆದಷ್ಟೇ ಹೊಸದನ್ನು ತುಂಬಿ. ಮೂರು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಬಾಕ್ಸುಗಳ ಲೆಕ್ಕ ಬೆಕ್ಕಿಗೊಂದು, ಮೇಲೊಂದು. ನಿಮಗೆ ಮೂರು ಬೇಕು, ಜಾಗವಿಲ್ಲದಿದ್ದರೆ ಕನಿಷ್ಠ ಎರಡು, ಬೇರೆ ಬೇರೆ ಕಡೆ.

ಇನ್ನೊಬ್ಬ ಸದಸ್ಯರು: ಚೀಲದ ಮೇಲೆ ಎಲ್ಲರೂ ‘ಗಟ್ಟಿ ಉಂಡೆ, ಧೂಳಿಲ್ಲ’ ಅಂತಲೇ ಬರೆದಿರುತ್ತಾರೆ. ಮನೆಯಲ್ಲಿ ಪರೀಕ್ಷಿಸುವ ದಾರಿ ಇದೆಯೇ?

ಪಶುವೈದ್ಯರು: ಇದೆ. ಸಣ್ಣ ಚೀಲ ತಂದು ಒಂದು ಡಬ್ಬಿಯಲ್ಲಿ 6 ಸೆಂ.ಮೀ. ಎತ್ತರಕ್ಕೆ ಲಿಟರ್ ಹಾಕಿ. 30 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಕರಗಿಸಿ ಒಂದೇ ಕಡೆ ಸುರಿಯಿರಿ. ಬರೀ ನೀರಿನಲ್ಲಿ ಬೆಂಟೊನೈಟ್ ಚೆನ್ನಾಗಿ ಉಬ್ಬುತ್ತದೆ, ಮೂತ್ರದಲ್ಲಿ ಲವಣಗಳಿರುವುದರಿಂದ ಅಷ್ಟು ಉಬ್ಬುವುದಿಲ್ಲ. ಉಪ್ಪು ಹಾಕದಿದ್ದರೆ ಎಲ್ಲ ಲಿಟರೂ ಪಾಸಾಗಿಬಿಡುತ್ತದೆ. 15 ನಿಮಿಷದ ನಂತರ ಉಂಡೆಯನ್ನು ಎತ್ತಿ ಒಂದಡಿ ಎತ್ತರದಿಂದ ಕಾಗದದ ಮೇಲೆ ಬಿಡಿ. ಒಂದೆರಡು ಚೂರಾದರೆ ಪರವಾಗಿಲ್ಲ, ಪುಡಿಪುಡಿಯಾದರೆ ಬೇಡ. ಉಂಡೆ ಚಪ್ಪಟೆಯಾಗಿ ತಳ ಮುಟ್ಟಿದ್ದರೂ ಬೇಡ. ಧೂಳಿಗೆ ಕಪ್ಪು ಬಟ್ಟೆಯ ಮೇಲೆ ಒಂದು ಲೋಟ ಸುರಿದು ನೋಡಿ. ಉಬ್ಬಸವಿರುವ ಬೆಕ್ಕಿದ್ದರೆ ಈ ಧೂಳಿನ ಪರೀಕ್ಷೆ ಬಿಡಲೇಬೇಡಿ.

ಪ್ರಶ್ನೆ: ಸಿಲಿಕಾ ಹರಳು, ತೋಫು (ಸೋಯಾದಿಂದ ಮಾಡಿದ್ದು), ಮರದ ಪೆಲೆಟ್ (ಒತ್ತಿದ ಮರದ ಹೊಟ್ಟಿನ ಗುಳಿಗೆ)? ಇವು ಹರಡುವುದು ಕಡಿಮೆ ಅನ್ನುತ್ತಾರಲ್ಲ?

ಪಶುವೈದ್ಯರು: ಸಿಲಿಕಾ ಉಂಡೆ ಕಟ್ಟುವುದಿಲ್ಲ, ಮೂತ್ರವನ್ನು ಹೀರಿ ನೀರಿನಂಶವನ್ನು ನಿಧಾನ ಆವಿಯಾಗಿ ಬಿಡುತ್ತದೆ. ಮಲವನ್ನು ದಿನಾ ತೆಗೆದು, ಹರಳನ್ನು ದಿನಾ ಕೆದಕಬೇಕು. ಇಲ್ಲದಿದ್ದರೆ ಒಂದೇ ಮೂಲೆ ತುಂಬಿ ಅಡಿಯಲ್ಲಿ ಮೂತ್ರ ನಿಲ್ಲುತ್ತದೆ. ಹೀರುವ ಶಕ್ತಿ ಮುಗಿದಾಗ ನಾತ ಒಮ್ಮೆಲೇ ಏಳುತ್ತದೆ, ಆಗ ಪೂರ್ತಿ ಎಸೆಯುವುದೇ. ಚೀಲದ ಮೇಲೆ ಬರೆದ ‘ಒಂದು ತಿಂಗಳು’ ಸಾಮಾನ್ಯವಾಗಿ ಒಂದು ಬೆಕ್ಕಿನ ಲೆಕ್ಕ, ಎರಡಿದ್ದರೆ ಅರ್ಧಕ್ಕಿಳಿಸಿ. ದುಂಡಗಿನ ಮಣಿ ಕೊಳ್ಳಬೇಡಿ, ನೆಲದ ಮೇಲೆ ದೂರದೂರ ಉರುಳುತ್ತದೆ. ಇನ್ನೊಂದು ಕೊರತೆ, ಬೆಕ್ಕು ಎಷ್ಟು ಮೂತ್ರ ಮಾಡಿತು ಎಂಬುದು ಇದರಲ್ಲಿ ತಿಳಿಯುವುದಿಲ್ಲ. ಉಂಡೆ ಕಟ್ಟುವ ಲಿಟರ್‌ನಲ್ಲಿ ಉಂಡೆಗಳ ಗಾತ್ರ, ಸಂಖ್ಯೆ ಹೆಚ್ಚುತ್ತ ಹೋದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇವುಗಳ ಮೊದಲ ಸುಳಿವು ಅಲ್ಲೇ ಸಿಗುತ್ತದೆ.

ತೋಫು ಲಿಟರ್ ಎಂದರೆ 2–3 ಮಿ.ಮೀ. ದಪ್ಪದ ಸಣ್ಣ ಕಡ್ಡಿಗಳು. ಹರಡುವುದೂ ಧೂಳೂ ಕಡಿಮೆ. ಆದರೆ ಉಂಡೆ ಮೆತ್ತಗೆ, ಅವಸರದಲ್ಲಿ ಎತ್ತಿದರೆ ಮುರಿಯುತ್ತದೆ. ಸೋಯಾ ಅಂಶವಿರುವುದರಿಂದ ತೇವದ ಹವೆಯಲ್ಲಿ ಬೂಷ್ಟು ಹಿಡಿಯುತ್ತದೆ. ತೆರೆದ ಚೀಲವನ್ನು ಗಾಳಿಯಾಡದ ಡಬ್ಬಿಗೆ ಸುರಿದಿಡಿ. ಮನೆಯಲ್ಲಿ ನಾಯಿಯೂ ಇದ್ದರೆ ಅದು ತಿನ್ನದಂತೆ ನೋಡಿಕೊಳ್ಳಿ.

ಮರದ ಪೆಲೆಟ್ ಹರಡುವುದು ಎಲ್ಲಕ್ಕಿಂತ ಕಡಿಮೆ. ಒದ್ದೆಯಾದರೆ ಒಡೆದು ಹೊಟ್ಟಾಗುತ್ತದೆ, ಆದ್ದರಿಂದ ಜರಡಿ ಇರುವ ಎರಡು ಅಂತಸ್ತಿನ ಟ್ರೇ ಬೇಕು. ಮೇಲೆ 2–3 ಸೆಂ.ಮೀ. ಪೆಲೆಟ್ ಸಾಕು. ಕೆಳಗಿನ ಒದ್ದೆ ಹೊಟ್ಟನ್ನು ದಿನಾ ಚೆಲ್ಲಿ, ಘಾಟು ಹುಟ್ಟುವುದು ಅಲ್ಲೇ. ಪಾದ ಸೂಕ್ಷ್ಮವಾಗಿರುವ, ವಯಸ್ಸಾದ ಬೆಕ್ಕುಗಳು ಇದನ್ನು ಒಪ್ಪದಿರುವುದುಂಟು. ನಾಲ್ಕು ತಿಂಗಳೊಳಗಿನ ಮರಿಗಳು ಲಿಟರನ್ನು ಬಾಯಿಗೆ ಹಾಕುತ್ತವೆ, ಅವಕ್ಕೆ ಉಂಡೆ ಕಟ್ಟುವ ಯಾವುದೂ ಬೇಡ. ಕಾಗದದ ಅಥವಾ ಮರದ ಪೆಲೆಟ್ ಹಾಕಿ.

ಪೆಟ್ ಗ್ರೂಮರ್: ಹರಡುವ ವಿಷಯಕ್ಕೆ ಸೇರಿಸುತ್ತೇನೆ. ಮೊದಲು ಪಾದ ನೋಡಿ. ಉದ್ದ ಕೂದಲಿನ ಬೆಕ್ಕಾದರೆ ಬೆರಳುಗಳ ನಡುವಿನ ಕೂದಲೇ ಲಿಟರ್ ಕಾಳನ್ನು ಸಾಕಷ್ಟು ಹೊತ್ತು ತರುತ್ತದೆ. ಕೂದಲು ಪಾದದ ಮೆತ್ತೆಗಳ ಮಟ್ಟಕ್ಕೆ ಬರುವಂತೆ ಸಣ್ಣ ಟ್ರಿಮ್ಮರಿನಿಂದ ತೆಗೆಯಿರಿ, ಕತ್ತರಿ ಬೇಡ, ಬೆರಳ ನಡುವಿನ ಚರ್ಮ ಬಹಳ ತೆಳು.

ಬಾಕ್ಸ್ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಒಂದೂವರೆ ಪಟ್ಟು ಇರಬೇಕು. ಇಕ್ಕಟ್ಟಾದರೆ ಅಂಚಿನ ಮೇಲೆ ನಿಂತು ಕೆದರಿ ಎಲ್ಲ ಹೊರಗೆ ಎಸೆಯುತ್ತದೆ. ಮೂರು ಬದಿ 25–30 ಸೆಂ.ಮೀ. ಎತ್ತರ, ಮುಂದೆ 12–15 ಸೆಂ.ಮೀ. ಇದ್ದರೆ ಮುಚ್ಚಳವೇ ಬೇಕಿಲ್ಲ. ಕೀಲುನೋವಿನ ಬೆಕ್ಕಿಗೆ ಮುಂಭಾಗ ಇನ್ನೂ ತಗ್ಗಿಸಿ. ಮೇಲಿನಿಂದ ಇಳಿಯುವ ಬಾಕ್ಸ್ ಹರಡುವುದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮರಿಗೂ ಮುದಿ ಬೆಕ್ಕಿಗೂ ಅದು ಆಗದು.

ಚಾಪೆ ಎರಡು ಪದರದ್ದಿರಲಿ: ಮೇಲೆ ತೂತು, ಕೆಳಗೆ ಸಂಗ್ರಹ. ಅಳತೆ ಕನಿಷ್ಠ 60×90 ಸೆಂ.ಮೀ. ಬೆಕ್ಕು ಅದರ ಮೇಲೆ ಮೂರ್ನಾಲ್ಕು ಹೆಜ್ಜೆ ಇಡಲೇಬೇಕು. ಸಣ್ಣ ಚಾಪೆಯನ್ನು ಅದು ಒಂದೇ ಜಿಗಿತಕ್ಕೆ ದಾಟುತ್ತದೆ. ಬಾಕ್ಸಿನ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ, ನಡುವೆ ಬೆಕ್ಕು ಸರಾಗ ಓಡಾಡುವಷ್ಟು ಜಾಗ ಬಿಟ್ಟು ಅಲ್ಲಿ ಚಾಪೆ ಹಾಸಿದರೆ ನೇರ ಜಿಗಿತಕ್ಕೆ ಅವಕಾಶವಿರುವುದಿಲ್ಲ. ಮೆತ್ತನೆಯ ಕಾರ್ಪೆಟ್ ಹಾಕಬೇಡಿ, ಅದರ ಮೇಲೆಯೇ ಮೂತ್ರ ಮಾಡಲು ಶುರುಮಾಡಬಹುದು.

ಪ್ರಶ್ನೆ: ಅಡುಗೆ ಸೋಡಾ ಬೆರೆಸಬಹುದೇ? ಬಾಕ್ಸನ್ನು ಫಿನೈಲ್ ಹಾಕಿ ತೊಳೆಯುತ್ತಿದ್ದೇವೆ, ಸರಿಯೇ?

ಪಶುವೈದ್ಯರು: ಫಿನೈಲನ್ನು ಇವತ್ತೇ ನಿಲ್ಲಿಸಿ, ದಯವಿಟ್ಟು. ಅದರಲ್ಲಿರಬಹುದಾದ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ವಿಲೇವಾರಿ ಮಾಡಲಾರದು. ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಬ್ಲೀಚ್ ಕೂಡ ಬೇಡ, ಮೂತ್ರದ ಅಮೋನಿಯಾ ಜೊತೆ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲ ಏಳುತ್ತದೆ. ಬಿಸಿನೀರು, ಪರಿಮಳವಿಲ್ಲದ ಪಾತ್ರೆ ತೊಳೆಯುವ ಸೋಪು ಸಾಕು. ಪೂರ್ತಿ ಒಣಗಿಸಿ ಆಮೇಲೆ ಲಿಟರ್ ತುಂಬಿ, ತಳ ಒದ್ದೆಯಿದ್ದರೆ ಮೊದಲ ದಿನವೇ ಅಂಟುತ್ತದೆ.

ಅಡುಗೆ ಸೋಡಾದಿಂದ ಹೆಚ್ಚು ನಿರೀಕ್ಷಿಸಬೇಡಿ. ಅದು ಹುಳಿ ಗುಣದ ವಾಸನೆಗಳಿಗೆ ಸರಿ, ಅಮೋನಿಯಾ ತಾನೇ ಕ್ಷಾರ. ಅಮೋನಿಯಾ ಹಿಡಿಯುವುದಕ್ಕೆ ಜಿಯೋಲೈಟ್ ಎಂಬ ಖನಿಜ ಬೆರೆತ ಲಿಟರ್ ಮೇಲು. ಮಲದ ನಾತಕ್ಕೆ ಸಕ್ರಿಯ ಇದ್ದಿಲು ಕೆಲಸ ಮಾಡುತ್ತದೆ.

ತೆಗೆದ ಉಂಡೆಯನ್ನು ಟಾಯ್ಲೆಟ್ಟಿಗೆ ಹಾಕಬೇಡಿ, ಬೆಂಟೊನೈಟ್ ಪೈಪಿನೊಳಗೆ ಉಬ್ಬಿ ಕಟ್ಟಿಕೊಳ್ಳುತ್ತದೆ. ಚೀಲ ಕಟ್ಟಿ ಕಸಕ್ಕೆ ಹಾಕಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸ ಬೇರೆಯವರು ಮಾಡಲಿ. ಟಾಕ್ಸೊಪ್ಲಾಸ್ಮಾ ಪರೋಪಜೀವಿಯ ಸೋಂಕಿರುವ ಬೆಕ್ಕಿನ ಮಲದಲ್ಲಿ ಅದರ ಊಸಿಸ್ಟ್‌ಗಳು (ಮೊಟ್ಟೆಯಂಥ ಸೂಕ್ಷ್ಮ ಕಣಗಳು) ಇರಬಹುದು. ಅವು ಸೋಂಕು ತಗಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು, ದಿನಾ ತೆಗೆಯಬೇಕು ಎನ್ನಲು ಇದೂ ಒಂದು ಕಾರಣ.

ಮೂಲ ಪ್ರಶ್ನೆ ಕೇಳಿದವರು: ಧನ್ಯವಾದ ಡಾಕ್ಟರೇ. ಹೊಸ ಲಿಟರನ್ನು ಒಮ್ಮೆಲೇ ಹಾಕಿಬಿಡಲೇ?

ಪಶುವೈದ್ಯರು: ಬೇಡ. ಹೇಗೂ ಎರಡನೇ ಬಾಕ್ಸ್ ತರುತ್ತೀರಲ್ಲ, ಹೊಸ ಲಿಟರನ್ನು ಅದರಲ್ಲಿ ಹಾಕಿ ಹಳೆಯದರ ಪಕ್ಕ ಇಡಿ. ಎರಡೂ ಬೆಕ್ಕುಗಳು ವಾರವಿಡೀ ಹೊಸದನ್ನು ಬಳಸಿದ ಮೇಲೆ ಹಳೆಯದನ್ನೂ ಬದಲಿಸಿ, ನಂತರ ಬಾಕ್ಸುಗಳನ್ನು ದಿನಕ್ಕಿಷ್ಟು ದೂರ ಸರಿಸಿ. ಈ ನಡುವೆ ಯಾವುದಾದರೂ ಬೆಕ್ಕು ಪದೇಪದೇ ಬಾಕ್ಸಿಗೆ ಹೋಗಿ ಮುಕ್ಕರಿದು ಹನಿ ಮೂತ್ರವೂ ಬರದಿದ್ದರೆ ಲಿಟರ್ ಒಗ್ಗಿಲ್ಲ ಎಂದುಕೊಂಡು ಕಾಯಬೇಡಿ. ಗಂಡು ಬೆಕ್ಕಿನಲ್ಲಿ ಅದು ಮೂತ್ರನಾಳ ಕಟ್ಟಿರುವ ಲಕ್ಷಣವಾಗಿರಬಹುದು. ರಾತ್ರಿಯಾಗಿದ್ದರೂ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ತನ್ನಿ.