ಪೈಲಟ್ ಯಾಕಾಗಬೇಕು? ಕ್ಯಾಪ್ಟನ್ ಸರ್ ಜೊತೆ ಪ್ರಶ್ನೋತ್ತರ (ದಾವಣಗೆರೆ–ಚಿತ್ರದುರ್ಗ ಪಾಲಕರ ಗುಂಪು)

ದಾವಣಗೆರೆ, ಒಬ್ಬ ತಾಯಿ: ಸರ್, ಇಲ್ಲಿ ಎಲ್ಲರೂ ಇಂಜಿನಿಯರಿಂಗ್, ಮೆಡಿಕಲ್ ಅಂತಾರೆ. ಮಗಳು ಪೈಲಟ್ ಆಗ್ತೀನಿ ಅಂತಾಳೆ. ಯಾಕಾಗಬೇಕು, ಕಾರಣ ಹೇಳಿ.

ಕ್ಯಾಪ್ಟನ್: ಈ ಕೆಲಸ ಮನೆವರೆಗೂ ಬೆನ್ನು ಹತ್ತಿ ಬರಲ್ಲಮ್ಮ. ಎಂಜಿನ್ ಆಫ್ ಮಾಡಿ ಟೆಕ್ ಲಾಗ್‌ಗೆ (ವಿಮಾನದ ದಾಖಲೆ ಪುಸ್ತಕ) ಸಹಿ ಹಾಕಿದ್ರೆ ಅವತ್ತಿನ ಲೆಕ್ಕ ಚುಕ್ತಾ. ವರ್ಷಕ್ಕೆ 1000 ಗಂಟೆ ಮೀರಿ ಹಾರಿಸುವಂತಿಲ್ಲ. 18 ತುಂಬಿದ್ರೆ ಕಮರ್ಷಿಯಲ್ ಲೈಸೆನ್ಸ್, ಡಿಗ್ರಿ ಕಡ್ಡಾಯವಲ್ಲ. ಆದ್ರೆ ಪೈಲಟ್‌ನ ಮೆಡಿಕಲ್ ಟೆಸ್ಟ್ ಒಂದೇ ಸಲಕ್ಕೆ ಮುಗಿಯಲ್ಲ, ಮತ್ತೆ ಮತ್ತೆ ಆಗ್ತಾನೇ ಇರುತ್ತೆ. ಅನ್‌ಫಿಟ್ ಅಂದ ದಿನ ಹಾರಾಟ ನಿಂತಿತು. ಚೆಕ್‌ಲಿಸ್ಟನ್ನ ನೂರನೇ ಸಲವೂ ಮೊದಲ ಸಲದಷ್ಟೇ ನಿಗಾ ಇಟ್ಟು ಓದೋ ಸ್ವಭಾವ ಮಗಳಿಗಿದ್ರೆ ಕಳಿಸಿ. ಸಂಬಳದ ಆಸೆಗಾದ್ರೆ ಬೇಡ.

ಚಳ್ಳಕೆರೆ ಸದಸ್ಯ: ನಮ್ಮ ವರವು ಕಾವಲ್ ರನ್‌ವೇನಲ್ಲಿ ತರಬೇತಿ ಕೊಡ್ತಾರಾ ಸರ್?

ಕ್ಯಾಪ್ಟನ್: ಇಲ್ಲ. ಅದು ರಕ್ಷಣಾ ಸಂಶೋಧನೆಯ ಡಿಆರ್‌ಡಿಓ ಪರೀಕ್ಷಾ ವಲಯ, ಇಸ್ರೋ ತನ್ನ ಮರುಬಳಕೆ ರಾಕೆಟ್ ಮಾದರಿ ಪುಷ್ಪಕ್ ಇಳಿಸಿದ ಜಾಗ. ರಾಜ್ಯ ಸರ್ಕಾರದ ಶಾಲೆ ಇರೋದು ಬೆಂಗಳೂರಿನ ಜಕ್ಕೂರಲ್ಲಿ.

ಹಿರಿಯೂರು ಸದಸ್ಯ: ಕನ್ನಡಕ ಇದ್ರೆ?

ಕ್ಯಾಪ್ಟನ್: ಹಾಕ್ಕೊಂಡು 6/6 ಓದಿದ್ರೆ ಆಗುತ್ತೆ.

ಜಗಳೂರು ಸದಸ್ಯೆ: ಹೆಲಿಕಾಪ್ಟರ್ ಲೈಸೆನ್ಸ್ ಬೇರೇನಾ ಸರ್? ಖರ್ಚು ಎಷ್ಟು?

ಚನ್ನಗಿರಿ, ಒಬ್ಬ ತಂದೆ: ಸರ್, ಮಗ ಪಿಯು ಸೈನ್ಸ್ ಮುಗಿಸಿದಾನೆ. ಏಜೆಂಟ್ ಒಬ್ಬ ತಿಂಗಳ ಕೊನೆಯೊಳಗೆ 10 ಲಕ್ಷ ಕಟ್ಟಿದ್ರೆ ಸೀಟು ಗ್ಯಾರಂಟಿ ಅಂತಾನೆ. ಒಂದೂವರೆ ಎಕರೆ ತೋಟ ಮಾರೋ ಮಾತಾಗಿದೆ. ಒಂದೇ ಅನುಮಾನ: ಅಡಿಕೆ ಗೊನೆ ಹಣ್ಣಾಗಿದ್ಯೋ ಹಸಿರೋ ಅಂತ ಅವನಿಗೆ ಮರದ ಕೆಳಗೆ ನಿಂತ್ರೆ ಗೊತ್ತಾಗಲ್ಲ. ನಮ್ಮ ಮಾವನಿಗೂ (ಹೆಂಡತಿಯ ತಂದೆ) ಹಂಗೇ ಇತ್ತು.

ಕ್ಯಾಪ್ಟನ್: ಯಜಮಾನ್ರೇ, ಮೊದಲು ತೋಟದ ವ್ಯವಹಾರ ನಿಲ್ಲಿಸಿ. ನೀವು ಹೇಳಿದ್ದು ಕೆಂಪು-ಹಸಿರು ವರ್ಣಾಂಧತೆಯ ಲಕ್ಷಣ. ಇದು ತಾಯಿ ಕಡೆಯಿಂದ ಬರುತ್ತೆ: ನಿಮ್ಮ ಮಾವನಿಗಿದ್ರೆ ನಿಮ್ಮ ಮನೆಯವರು ವಾಹಕಿ, ಅಂದ್ರೆ ದೋಷ ಹೊತ್ತು ಮಕ್ಕಳಿಗೆ ದಾಟಿಸಬಲ್ಲೋರು; ಹುಟ್ಟುವ ಪ್ರತಿ ಗಂಡುಮಗನಿಗೂ ಅರ್ಧಕ್ಕರ್ಧ ಸಾಧ್ಯತೆ. ಹುಡುಗನ ತಪ್ಪೇನಿಲ್ಲ, ಬೈಬೇಡಿ.

ನಾಳೆಯೇ ಕಣ್ಣಿನ ಡಾಕ್ಟರ್ ಹತ್ರ ಇಶಿಹಾರ ಪುಸ್ತಕ ಓದಿಸಿ. ಚುಕ್ಕಿಗಳ ಮಧ್ಯೆ ಅಂಕಿ ಇರುತ್ತೆ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತೆ. ಎರಡನೇ ಪುಟದಲ್ಲಿ ನಮಗೆ 8 ಕಂಡ್ರೆ, ಈ ದೋಷ ಇದ್ದೋರಿಗೆ 3 ಕಾಣುತ್ತೆ. ಅದು ದಾಟಿದ್ರೆ ಡಿಜಿಸಿಎ (ವಿಮಾನಯಾನ ನಿಯಂತ್ರಣ ಇಲಾಖೆ) ಪಟ್ಟಿಯ ವೈದ್ಯರಲ್ಲಿ ಕ್ಲಾಸ್ 2 ಮೆಡಿಕಲ್ ಟೆಸ್ಟ್, ಆಮೇಲೆ ಕ್ಲಾಸ್ 1. ಕ್ಲಾಸ್ 1 ಡಿಜಿಸಿಎ ಒಪ್ಪಿದ ಕೇಂದ್ರದಲ್ಲೇ ಆಗಬೇಕು. ಫಿಟ್ ಅಂತ ಕಾಗದ ಕೈಗೆ ಬಂದ ಮೇಲೆ ಫೀಸು.

ಬಣ್ಣಕ್ಕೆ ಇಷ್ಟು ಹಠ ಯಾಕೆ ಅಂದ್ರೆ, ಲೈಸೆನ್ಸ್‌ನ 200 ಗಂಟೆಯಲ್ಲಿ ರಾತ್ರಿ ಹಾರಾಟ 5 ಗಂಟೆ ಇದೆ, 10 ಟೇಕಾಫ್, 10 ಲ್ಯಾಂಡಿಂಗ್. ಆಗ ಕಾಣೋದು ದೀಪ ಮಾತ್ರ. ರನ್‌ವೇ ಪಕ್ಕ ನಾಲ್ಕು ದೀಪದ ಸಾಲಿರುತ್ತೆ, ಪಾಪಿ (PAPI) ಅಂತೀವಿ. ಎರಡು ಬಿಳಿ ಎರಡು ಕೆಂಪು ಇದ್ರೆ ಇಳಿಯೋ ದಾರಿ ಸರಿ. ನಾಲ್ಕೂ ಕೆಂಪಾದ್ರೆ ತೀರಾ ಕೆಳಗಿದ್ದೀರಿ, ಮುಂದೆ ಮರವೋ ಕಂಬವೋ. ವಿಮಾನದ ಎಡ ರೆಕ್ಕೆಯ ತುದಿ ಕೆಂಪು, ಬಲದ್ದು ಹಸಿರು; ಕತ್ತಲಲ್ಲಿ ಎರಡೂ ಒಟ್ಟಿಗೆ ಕಂಡ್ರೆ ಅದು ನಿಮ್ಮ ಕಡೆಗೇ ಬರ್ತಿದೆ. ರೇಡಿಯೋ ಕೆಟ್ಟಾಗ ಟವರ್‌ನವರು ದೀಪದಲ್ಲೇ ಮಾತಾಡ್ತಾರೆ: ಸ್ಥಿರ ಹಸಿರು ಅಂದ್ರೆ ಇಳಿಯಿರಿ, ಸ್ಥಿರ ಕೆಂಪು ಅಂದ್ರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಾ ಇರಿ.

ಹರಿಹರ ಸದಸ್ಯ: ಇದಕ್ಕೆ ಮನೆಮದ್ದಿದೆ, ಬಂದಿದ್ದನ್ನ ಫಾರ್ವರ್ಡ್ ಮಾಡ್ತಿದೀನಿ: ಹಸುವಿನ ತುಪ್ಪ, ಜೇನು ಬೆರೆಸಿ 40 ದಿನ ಕಣ್ಣಿಗೆ ಎರಡೆರಡು ಹನಿ. ಜೊತೆಗೆ ಇಶಿಹಾರದ ಉತ್ತರಪಟ್ಟಿ, ಬಾಯಿಪಾಠ ಮಾಡಿಸಿ.

ಕ್ಯಾಪ್ಟನ್: ದಯವಿಟ್ಟು ಎರಡನ್ನೂ ಡಿಲೀಟ್ ಮಾಡಿ. ದೋಷ ಹುಟ್ಟಿನಿಂದ ಬಂದಿದ್ದು, ಇರೋದು ಕಣ್ಣಿನ ಹಿಂಭಾಗದ ರೆಟಿನಾದ ಕೋಶಗಳಲ್ಲಿ. ಹನಿ ಅಲ್ಲಿಗೆ ಮುಟ್ಟಲ್ಲ. ಕಣ್ಣಿನ ಮುಂಭಾಗದ ಕಾರ್ನಿಯಾಕ್ಕೆ ಸೋಂಕು ತಗುಲಿ ಕಲೆ ಉಳಿದ್ರೆ ಇದ್ದ ದೃಷ್ಟಿಯೂ ಹೋಗುತ್ತೆ. ಉರು ಹೊಡೆದ್ರೆ ಡಾಕ್ಟರ್ ಪುಟದ ಕ್ರಮ ಬದಲಿಸಿದ ಕೂಡ್ಲೇ ಸಿಕ್ಕಿಬೀಳ್ತಾನೆ. ಬಣ್ಣದ ಲೆನ್ಸೂ ನಡೆಯಲ್ಲ.

ಹರಿಹರ ಸದಸ್ಯ: ನಮ್ಮ ಹಿರಿಯರು ದಡ್ಡರಾ ಹಂಗಾದ್ರೆ?

ಚಿತ್ರದುರ್ಗ ಸದಸ್ಯ: ಹಿರಿಯರ ಮಾತು ಬಿಡ್ರಿ. 50 ಲಕ್ಷದ ಮೇಲೆ ಸುರಿದು ಲೈಸೆನ್ಸ್ ಇಟ್ಕೊಂಡು ಮನೇಲಿ ಕೂತೋರಿದಾರೆ, ಅದನ್ನ ಹೇಳ್ರಿ.

ದಾವಣಗೆರೆ ಸದಸ್ಯ: ಇಂಜಿನಿಯರಿಂಗ್ ಮುಗಿಸಿ ಕೂತೋರು ಇಲ್ವಾ? ಸಾಲ ತಗೊಂಡು ಓದ್ಲಿ ಬಿಡಿ.

ಚಿತ್ರದುರ್ಗ ಸದಸ್ಯ: ಸಾಲಕ್ಕೆ ಅಡ ಇಡೋದೂ ಅದೇ ತೋಟ ಅಲ್ವೇನ್ರಿ? ಲೆಕ್ಕ ಹಾಕಿ ಮಾತಾಡಿ.

ದಾವಣಗೆರೆ ಸದಸ್ಯ: ನೀವು ಕಟ್ತೀರಾ ಕಂತು? ಸುಮ್ನಿರಿ.

ಕ್ಯಾಪ್ಟನ್: ಜಗಳ ಬೇರೆ ಕಡೆ ಇಟ್ಕೊಳ್ಳಿ. ಲೈಸೆನ್ಸ್ ಆದ ಮೇಲೂ ಏರ್‌ಬಸ್ 320 ತರಹದ ವಿಮಾನಕ್ಕೆ ಟೈಪ್ ರೇಟಿಂಗ್ (ಆ ಮಾದರಿ ಹಾರಿಸೋ ಪ್ರತ್ಯೇಕ ಅರ್ಹತೆ) ಬೇಕು, ಅದರ ದುಡ್ಡು ಬೇರೆ. ಸಾಲ ಕೇಳುವಾಗ ಅದನ್ನೂ ಸೇರಿಸಿ ಕೇಳಿ.

ಹೊಸದುರ್ಗ ಸದಸ್ಯ: ಸರ್, ಕನ್ನಡಕ ಇದ್ರೆ ಆಗುತ್ತಾ?

ಕ್ಯಾಪ್ಟನ್: ಮೇಲೆ ಓದಿ.

ಹೊಳಲ್ಕೆರೆ ಸದಸ್ಯ: ಕಾಮರ್ಸ್ ಓದಿದೋರಿಗೆ?

ಕ್ಯಾಪ್ಟನ್: ಎನ್‌ಐಓಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) ಫಿಸಿಕ್ಸ್, ಮ್ಯಾಥ್ಸ್ ಬರೆದು ಪಾಸಾಗಿ.

ಚನ್ನಗಿರಿ ತಂದೆ: ಸರ್, ಏಜೆಂಟ್ ಮತ್ತೆ ಫೋನ್ ಮಾಡಿದ್ದ. ಮೆಡಿಕಲ್ ಆಮೇಲೆ ನೋಡ್ಕೊಳ್ಳೋಣ, ಮೊದಲು ಅಡ್ವಾನ್ಸ್ ಅಂತಾನೆ.

ಕ್ಯಾಪ್ಟನ್: ಅನ್‌ಫಿಟ್ ಆದ್ರೆ ಪೂರ್ತಿ ವಾಪಸ್ ಅಂತ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಡೋಕೆ ಹೇಳಿ. ಕೊಡಲ್ಲ ಅಂದ್ರೆ ಅಲ್ಲಿಗೆ ಬಿಡಿ. ಪರೀಕ್ಷೆ ಯಾವತ್ತು?

ಚನ್ನಗಿರಿ ತಂದೆ: ನಾಳೆ ಬೆಳಿಗ್ಗೆ ಪಿ.ಜೆ. ಬಡಾವಣೆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತೀನಿ ಸರ್. ತೋಟ ನೋಡೋಕೆ ಬರ್ತೀವಿ ಅಂದೋರಿಗೆ ಬೇಡ ಅಂತ ಹೇಳಿದೀನಿ.

ಹರಿಹರ ಸದಸ್ಯ: ತುಪ್ಪದ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.