ಊಟ ಆದ ಮೇಲೆ ಸ್ನಾನ ಬೇಡ ಅಂತ ಪರ್ಷಿಯಾದ ಹಳೇ ಕಾಲದ ವೈದ್ಯ ಇಬ್ನ್ ಸೀನಾ ಕೂಡ ಹೇಳಿದ್ರಾ?

ಹಂಡೆನೀರು:
ಮೊನ್ನೆ ಬೀದರ್ ಕೋಟೆಗೆ ಹೋಗಿದ್ದೆ. ಅಲ್ಲಿನ ಮ್ಯೂಸಿಯಂ ಇರುವುದೇ ಹಳೆಯ ಶಾಹಿ ಹಮಾಮ್, ಅಂದರೆ ಅರಮನೆಯ ಸ್ನಾನಗೃಹದ ಕಟ್ಟಡದಲ್ಲಿ. ನನಗೆ ಹಮಾಮ್ ಅಂದರೆ ಸೋಪು ಅಷ್ಟೇ ಗೊತ್ತಿತ್ತು! ಜೊತೆಗಿದ್ದವರೊಬ್ಬರು, "ಹಳೇ ಕಾಲದ ಹಕೀಮರು ಹಮಾಮನ್ನೂ ಒಂದು ಔಷಧಿ ಅಂತಲೇ ನೋಡ್ತಿದ್ದರು" ಅಂದರು. ನಿಜಾನಾ? ಬಿಸಿನೀರು ಸುರಿದುಕೊಂಡರೆ ಯಾವ ಕಾಯಿಲೆ ಹೋಗುತ್ತೆ?

ಯುನಾನಿ_ಮೂರನೇವರ್ಷ:
ನಿಜ. ಆದರೆ ನೀರಿನಷ್ಟೇ ಕೆಲಸ ಅಲ್ಲಿ ಗಾಳಿಯದ್ದೂ ಇದೆ. ಇಬ್ನ್ ಸೀನಾ 1025ರ ಹೊತ್ತಿಗೆ ಮುಗಿಸಿದ 'ಅಲ್ ಕಾನೂನ್' ವೈದ್ಯ ಗ್ರಂಥದಲ್ಲಿ ಬರೆದಿದ್ದಾರೆ: ಹಮಾಮ್ ತನ್ನ ಗಾಳಿಯಿಂದ ಮೈಯನ್ನು ಬಿಸಿ ಮಾಡುತ್ತದೆ, ನೀರಿನಿಂದ ಹಸಿ ಮಾಡುತ್ತದೆ. ಮೊದಲ ಕೋಣೆ ತಂಪು ಮತ್ತು ಹಸಿ. ಎರಡನೆಯದು ಬಿಸಿ ಮತ್ತು ಹಸಿ. ಮೂರನೆಯದು ಬಿಸಿ ಮತ್ತು ಒಣ. ಯಾರು ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಕೂರಬೇಕು ಅನ್ನುವುದು ಅವರವರ ಮಿಜಾಜ್, ಅಂದರೆ ದೇಹಪ್ರಕೃತಿ ನೋಡಿ.

ಒಳ್ಳೆಯ ಹಮಾಮ್ ಅಂದರೆ ಹಳೆಯ ಕಟ್ಟಡ, ವಿಶಾಲವಾದ ಜಾಗ, ಸಿಹಿನೀರು ಅಂತಾರೆ ಅವರು. 'ಹಳೆಯ' ಯಾಕೆ ಅಂತ ನನಗೂ ಮೊದಲು ಹೊಳೆದಿರಲಿಲ್ಲ. ಗಾರೆ ಒಣಗದ ಹೊಸ ಮನೆಯಲ್ಲಿ ಕಿಟಕಿ ಮುಚ್ಚಿ ಬಿಸಿ ಮಾಡಿದರೆ ಗಾರೆಯ ವಾಸನೆ ಗಾಳಿಯಲ್ಲೇ ತುಂಬಿಕೊಳ್ಳುತ್ತಲ್ಲ, ಹಾಗೆ.

ನೆಲದಡಿ ಟೊಳ್ಳು ಜಾಗ ಬಿಟ್ಟು, ಒಲೆಯ ಬಿಸಿ ಹೊಗೆಯನ್ನು ಅದರೊಳಗೆ ಹಾಯಿಸುತ್ತಿದ್ದರು. ಕಾಲಿಗೆ ಮರದ ಹಾವುಗೆ ಇಲ್ಲದೆ ಓಡಾಡುವುದು ಕಷ್ಟ.

ಹಂಡೆನೀರು:
ವಾವ್. ನಮ್ಮಜ್ಜಿ ಊಟ ಆದ ಮೇಲೆ ಬಚ್ಚಲಿಗೆ ಕಾಲಿಟ್ಟರೆ ಬೈಯುತ್ತಿದ್ದರು. ಅದರ ಬಗ್ಗೆ ಏನಾದರೂ ಇದೆಯಾ?

ಯುನಾನಿ_ಮೂರನೇವರ್ಷ:
ಇದೆ ಇದೆ! ಖಾಲಿ ಹೊಟ್ಟೆಯಲ್ಲಿ ಹೋದರೆ ಮೈ ಒಣಗಿ ಸೊರಗುತ್ತದೆ. ಹೊಟ್ಟೆ ತುಂಬಿಕೊಂಡು ಹೋದರೆ ದಪ್ಪ ಆಗುತ್ತೀರಿ, ಆದರೆ ಪೂರ್ತಿ ಅರಗದ ಆಹಾರ ಒಳಗೆ ಎಲ್ಲೋ ಕಟ್ಟಿಕೊಳ್ಳುತ್ತದೆ. ಮೈ ತುಂಬಿಕೊಳ್ಳಬೇಕು ಅನ್ನುವವರು ಊಟ ಒಂದು ಹಂತ ಅರಗಿದ ಮೇಲೆ ಹೋಗಬೇಕು ಅಂತ ಲೆಕ್ಕ. ಸ್ನಾನ ಮುಗಿದ ತಕ್ಷಣ ತಣ್ಣೀರು ಕುಡಿಯುವುದೂ ಬೇಡ. ರಂಧ್ರಗಳೆಲ್ಲ ತೆರೆದಿರುತ್ತವೆ, ತಂಪು ನೇರ ಒಳಗಿನ ಅಂಗಕ್ಕೆ ಹೊಡೆಯುತ್ತದೆ ಅಂತ.

ಇದೆಲ್ಲ ಆ ಕಾಲದ ತರ್ಕ. ಈಗಿನ ಡಾಕ್ಟರ ಸಲಹೆ ಅಂತ ತಗೋಬೇಡಿ, ಬಿಪಿ ಇರುವವರಂತೂ ಬೇಡವೇ ಬೇಡ.

ಮರುಭೂಮಿ_ಕನ್ನಡಿಗ:
ಜೋರ್ಡಾನ್‌ನಲ್ಲಿ ಕೆಲಸದಲ್ಲಿದ್ದಾಗ ಕುಸೈರ್ ಅಮ್ರಾ ನೋಡಿದ್ದೆ. ಎಂಟನೇ ಶತಮಾನದ್ದು, ಇಬ್ನ್ ಸೀನಾಗಿಂತ ಹಳೆಯದು. ಮರಳುಗಾಡಿನ ನಡುವೆ ಪುಟ್ಟ ಸ್ನಾನಗೃಹ. ಬಿಸಿ ಕೋಣೆಯ ಗುಮ್ಮಟದ ಒಳಗೆ ಆಕಾಶ, ರಾಶಿ, ನಕ್ಷತ್ರ ಎಲ್ಲ ಬಿಡಿಸಿದ್ದಾರೆ. ಬೆವರುತ್ತಾ ಮೇಲೆ ನೋಡಿದರೆ ರಾತ್ರಿ! ನಾನು ಹೋಗಿದ್ದು ಜುಲೈ ಮಧ್ಯಾಹ್ನ. ಒಲೆ ಹಚ್ಚದೆಯೇ ಬೆವರಿದೆ.

ಹಂಡೆನೀರು:
ಹಹ್ಹ. ಅಜ್ಜಿಗೆ ಫೋನ್ ಮಾಡಿ ಇಬ್ನ್ ಸೀನಾ ವಿಷಯ ಹೇಳಿದೆ. "ಅವರ ಅಜ್ಜಿ ಹೇಳಿಕೊಟ್ಟಿರ್ತಾರೆ ಬಿಡು" ಅಂದರು.