ಪೈನ್ ಹಲಗೆಯಲ್ಲಿ 5 ಮಿ.ಮೀ. ಅಕ್ಷರ: ಯಾವ ಬಿಟ್ ಹಾಕಲಿ?

ಹೊಸಬ: 3018 ಯಂತ್ರ (ಕಂಪ್ಯೂಟರ್ ನಡೆಸುವ ಚಿಕ್ಕ ಕೆತ್ತನೆ ಯಂತ್ರ), 60 ಡಿಗ್ರಿ ವಿ-ಬಿಟ್ (V ಆಕಾರದ ಚೂಪು ತುದಿಯ, ತಿರುಗುತ್ತಾ ಕೆತ್ತುವ ಮೊನೆ). ಅಕ್ಷರದ ಅಂಚಿನಲ್ಲೆಲ್ಲ ನಾರು ಏಳುತ್ತಿದೆ. ಎಡಗಡೆ ಗೆರೆ ದಪ್ಪ, ಬಲಗಡೆ ಸಣ್ಣ. ನಿಮ್ಮ ಅನುಭವ ಹೇಳಿ.

ಚಕ್ಕೆಪುಡಿ: 60 ಬಿಟ್ಟುಬಿಡಿ. ನಾನು 0.1 ಮಿ.ಮೀ. ತುದಿಯ 30 ಡಿಗ್ರಿ ಬಿಟ್‌ಗೆ ಬಂದಮೇಲೆ ಹಿಂದೆ ತಿರುಗಿ ನೋಡಿಲ್ಲ. ಖರ್ಚು ಮಾತ್ರ ಕೇಳಬೇಡಿ. ಯಂತ್ರಕ್ಕೆ ಕೊಟ್ಟಷ್ಟೇ ದುಡ್ಡು ಬಿಟ್‌ಗೂ ಸುರಿದಿದ್ದೇನೆ. ತುದಿ ಮುರಿದದ್ದು ಗೊತ್ತೇ ಆಗುವುದಿಲ್ಲ. ಸದ್ದು ಬದಲಾಗದು, ಯಂತ್ರ ಸುಮ್ನೆ ಓಡುತ್ತಿರುತ್ತದೆ. ಪುಡಿ ಊದಿ ನೋಡಿದರೆ ಅರ್ಧ ಸಾಲು ಚೆಂದ, ಉಳಿದರ್ಧ ತಳ ಚಪ್ಪಟೆ, ಉಜ್ಜಿ ಉಜ್ಜಿ ಕಂದು ಬಣ್ಣ. ಆ ಹಲಗೆ ಒಲೆಗೇ.

ಮಟ್ಟಗೋಲು: ಬಿಟ್ ಬದಲಿಸಿ ಏನೂ ಆಗುವುದಿಲ್ಲ. ಹಲಗೆ ಮಟ್ಟ ಇಲ್ಲ, ಅಷ್ಟೇ. 60 ಡಿಗ್ರಿಯಲ್ಲಿ ಆಳ 0.2 ಮಿ.ಮೀ. ಹೆಚ್ಚುಕಮ್ಮಿಯಾದರೆ ಗೆರೆಯ ಅಗಲ 0.23 ಬದಲಾಗುತ್ತದೆ. 90 ಡಿಗ್ರಿಯಲ್ಲಿ 0.4! ಹೈಟ್ ಮ್ಯಾಪ್ ಮಾಡಿ, ಅಂದರೆ ಹಲಗೆಯ ಏರುತಗ್ಗನ್ನು ಪ್ರೋಬ್‌ನಿಂದ ಮುಟ್ಟಿ ಅಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಪ್ರೋಬ್‌ಗೆ ಕರೆಂಟ್ ಹರಿಯಬೇಕು, ಒಣ ಮರದಲ್ಲಿ ಎಲ್ಲಿ ಹರಿಯುತ್ತದೆ? ಫಾಯಿಲ್ ಅಂಟಿಸಿದೆ, ಅದು ಸುಕ್ಕು. ಈಗ ಹಲಗೆ ಬಿಗಿದು, ಅಗಲದ ಬಿಟ್‌ನಿಂದ ಮೇಲ್ಮೈ ಸವರಿ, ಬಿಚ್ಚದೆ ಅಲ್ಲೇ ಕೆತ್ತುತ್ತೇನೆ.

ಚಕ್ಕೆಪುಡಿ: ನಿಮ್ಮ ಲೆಕ್ಕದಲ್ಲೇ 30 ಡಿಗ್ರಿಗೆ 0.11 ಬರುತ್ತದೆ, ಅಲ್ವಾ? ಮತ್ತೆ ನಾನು ಹೇಳಿದ್ದರಲ್ಲಿ ತಪ್ಪೇನು?

ಮಟ್ಟಗೋಲು: ಮುರಿದ ತುದಿಗೆ ಯಾವ ಲೆಕ್ಕ ಸ್ವಾಮಿ?

ಹಳೇ ಉಳಿ: ಇಬ್ಬರೂ ಮರದ ಮಾತೇ ಎತ್ತಲಿಲ್ಲ. ಪೈನ್‌ನ ಉಂಗುರದಲ್ಲಿ ಒಂದು ಪಟ್ಟಿ ಮೆತ್ತಗೆ, ಪಕ್ಕದ್ದು ಗಟ್ಟಿ. ಸಣ್ಣ ಅಕ್ಷರ ಅಲ್ಲೇ ಕೆಡುವುದು. ನಾನು ಮೇಪಲ್‌ಗೆ ಹೋದೆ. ಓಕ್ ಆಸೆಗೆ ತಂದದ್ದು ಮೂಲೆಯಲ್ಲಿದೆ, ಅದರ ರಂಧ್ರ ಯಾವುದು, ಅಕ್ಷರದ ಚುಕ್ಕೆ ಯಾವುದು ಅಂತ ನನಗೇ ತಿಳಿಯದು. ಪೈನೇ ಬೇಕು ಅಂದರೆ ಮೊದಲು ಶೆಲಾಕ್ (ಅರಗಿನ ವಾರ್ನಿಷ್) ಹಚ್ಚಿ, ಪೂರ್ತಿ ಒಣಗಿದ ಮೇಲೆ ಕೆತ್ತಿ. ನಾರು ನಿಲ್ಲುತ್ತದೆ.

ಚಕ್ಕೆಪುಡಿ: ಶೆಲಾಕ್ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಹಳೇ ಉಳಿ: ಒಣಗಲು ಬಿಟ್ಟಿರಾ? ಬಿಟ್ಟಿರುವುದಿಲ್ಲ.

ಕೆಂಪುಕಿರಣ: ಇಷ್ಟೆಲ್ಲ ಯಾಕೆ? ಡಯೋಡ್ ಲೇಸರ್ ಹಾಕಿ. ಬಿಟ್ ಇಲ್ಲ, ನಾರಿಲ್ಲ, ಜಗಳವೂ ಇಲ್ಲ.

ಹಳೇ ಉಳಿ: ಸುಡುವುದಕ್ಕೆ ಕೆತ್ತನೆ ಅನ್ನಬೇಡಿ. ಪೈನ್‌ನಲ್ಲಿ ಲೇಸರ್ ಹೊಡೆದರೂ ಮೆತ್ತನೆ ಪಟ್ಟಿ ಜಾಸ್ತಿ ಆಳ ಸುಡುತ್ತದೆ. ಪಟ್ಟೆಪಟ್ಟೆ.

ಹೊಸಬ: ಬಿಟ್ ತಿರುಗುವ ಸ್ಪೀಡ್, ಮುಂದೆ ಸಾಗುವ ಫೀಡ್ ಎಷ್ಟಿಡಲಿ ಅಂತ ಯಾರಾದರೂ ಹೇಳುತ್ತೀರಾ?

ಕೆಂಪುಕಿರಣ: ಪಟ್ಟೆ ಬರುವುದು ಪವರ್ ಇಡಲು ಬಾರದವರಿಗೆ.